ಥ್ಯಾಂಕ್ಸ್ ಹೇಳಬಾರದು, ದುಡ್ಡು ಕೊಡಬಾರದು

ಐರ್ಲೆಂಡಲ್ಲಿ ಬಸ್ಸಿಂದ ಇಳಿಯೋರು ಡ್ರೈವರಿಗೆ ಥ್ಯಾಂಕ್ಸ್ ಹೇಳೇ ಇಳಿಯೋದು. ಸ್ಕೂಲ್ ಬ್ಯಾಗ್ ಹಾಕ್ಕೊಂಡಿರೋ ಹುಡುಗರಿಂದ ಹಿಡಿದು ಕೋಲೂರ್ಕೊಂಡು ಇಳಿಯೋ ಅಜ್ಜನವರೆಗೆ ಎಲ್ಲರೂ. ಅಂಗಡೀಲಿ ಚಿಲ್ಲರೆ ಕೊಟ್ಟರೂ ಥ್ಯಾಂಕ್ಸ್, ತಗೊಂಡರೂ ಥ್ಯಾಂಕ್ಸ್, ಫೋನ್ ಇಡುವಾಗ ಬೈ ಬೈ ಬೈ ಅನ್ನೋದರ ಮಧ್ಯೆ ಇನ್ನೊಂದು ಥ್ಯಾಂಕ್ಸ್. ಇಂಥ ಜನ ಒಂದು ಕಡೆ ಮಾತ್ರ ಆ ಮಾತನ್ನ ಬೇಕಂತಲೇ ನುಂಗ್ಕೊಂಡು ಬರ್ತಾರೆ. ಅದು 'ಕ್ಯೂರ್' ಇರೋರ ಮನೆ. ಇಲ್ಲಿ ಹಳ್ಳಿ ಕಡೆ ಮಾತಾಡೋದೇ ಹಾಗೆ, ಇಂಥವರ ಹತ್ರ ಸುಟ್ಟ ಗಾಯದ ಕ್ಯೂರ್ ಇದೆ, ಇಂಥವರ ಹತ್ರ ಹುಳುಕಡ್ಡಿ ಕ್ಯೂರ್ ಇದೆ, ಅಂತ. ಅವರೇನು ವೈದ್ಯರಲ್ಲ, ಬೋರ್ಡ್ ಇಲ್ಲ, ಪುಸ್ತಕ ಓದಿದವರಲ್ಲ. ಒಬ್ಬೊಬ್ಬರ ಹತ್ರ ಇರೋದು ಸಾಮಾನ್ಯವಾಗಿ ಒಂದೇ ಒಂದು ಕಾಯಿಲೆಗೆ, ಉಳಿದಂತೆ ಅವರು ಹಸು ಸಾಕ್ಕೊಂಡು, ಲಾರಿ ಓಡಿಸ್ಕೊಂಡು ಇರೋ ಜನ. ಅವರಿಗೆ ದುಡ್ಡು ಕೊಡಬಾರದು, ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಕ್ಯೂರ್ ಹತ್ತಲ್ಲ. ಮೊದಲ ಸಲ ಇದನ್ನ ಕೇಳಿದಾಗಿಂದ ನಂಗೆ ಅದು ತಲೇಲಿ ಕೂತುಬಿಟ್ಟಿದೆ, ಯಾಕೆ ಹೇಳಬಾರದು ಅಂತ.

ನಾನು ಕೆಲಸ ಮಾಡೋದು ಕ್ಯಾವನ್ ಕೌಂಟೀಲಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ, ವಯಸ್ಸಾದವರ ಒಂದು ನರ್ಸಿಂಗ್ ಹೋಮಲ್ಲಿ. ಸುತ್ತ ಸಣ್ಣ ಸಣ್ಣ ದಿಬ್ಬ, ದಿಬ್ಬದ ಮಧ್ಯೆ ಕೆರೆ, ಎಲ್ಲಿ ನೋಡಿದರೂ ಹಸು. ಅಲ್ಲಿ ಒಬ್ಬರು ಅಜ್ಜನಿಗೆ ಶಿಂಗಲ್ಸ್ ಆಯ್ತು, ಅಂದ್ರೆ ನಮ್ಮ ಕಡೆ ಸರ್ಪಸುತ್ತು ಅಂತೀವಲ್ಲ ಅದೇ. ಬಲಗಡೆ ಎದೆಯಿಂದ ಬೆನ್ನಿನವರೆಗೆ ಅರ್ಧ ಬೆಲ್ಟ್ ಥರ ನೀರುಗುಳ್ಳೆ. ಗುಳ್ಳೆ ಎದ್ದು 72 ಗಂಟೆ ಒಳಗೆ ಆಂಟಿವೈರಲ್ ಶುರು ಮಾಡಿದರೆ ಒಳ್ಳೇದು, ಡಾಕ್ಟರ್ ಅವತ್ತೇ ಬರೆದುಕೊಟ್ಟರು, ನಾನೇ ಕೊಟ್ಟೆ. ಆದರೆ ಆ ಉರಿ ಇದೆಯಲ್ಲ, ಅದು ಮಾತ್ರೆ ಮಾತು ಅಷ್ಟು ಬೇಗ ಕೇಳಲ್ಲ. ಅಂಗಿ ತಾಗಿದರೂ ಅಜ್ಜ ಮುಖ ಕಿವುಚೋರು, ರಾತ್ರಿ ನಿದ್ದೆ ಇಲ್ಲ. ಆಮೇಲೊಂದು ಸಂಜೆ ಅವರ ಮಗ ಕಾರಿಡಾರಲ್ಲಿ ನನ್ನ ಪಕ್ಕಕ್ಕೆ ಕರೆದು ಸಣ್ಣ ದನೀಲಿ ಕೇಳಿದ, ನಮ್ಮೂರ ಹತ್ರ ಒಬ್ಬರಿದ್ದಾರೆ, ಅವರ ಹತ್ರ ಇದಕ್ಕೆ ಕ್ಯೂರ್ ಇದೆ, ಕರ್ಕೊಂಡು ಬರಬಹುದಾ, ಅಂತ. ನಾನು ನಗ್ತೀನೇನೋ ಅನ್ನೋ ಅಳುಕು ಅವನ ಮುಖದಲ್ಲಿ ಕಾಣ್ತಿತ್ತು. ಮ್ಯಾನೇಜರ್ ಹತ್ರ ಕೇಳಿದೆ. ಅವರು ಇದೇ ಕೌಂಟಿಯವರು, ಗುಳ್ಳೆ ಮುಟ್ಟೋ ಹಾಗಿಲ್ಲ, ಏನೂ ಹಚ್ಚೋ ಹಾಗಿಲ್ಲ, ಕುಡಿಸೋ ಹಾಗಿಲ್ಲ, ಬರಲಿ ಅಂದರು.

ಬಂದವರು ಅರವತ್ತು ದಾಟಿದ ರೈತ. ಸೋಮವಾರ ಸಂಜೆ, ಹಾಲು ಕರೆದು ಮುಗಿಸಿ ಬಂದಿದ್ದರು. ಗಮ್ ಬೂಟ್ ಬಾಗಿಲ ಹತ್ರ ಬಿಚ್ಚಿಟ್ಟು ದಪ್ಪ ಕಾಲುಚೀಲದಲ್ಲೇ ಒಳಗೆ ಬಂದರು, ಜಾಕೆಟ್ಟಿಂದ ಸೈಲೇಜ್ ವಾಸನೆ, ಹುಳಿ ಬಂದ ಹುಲ್ಲಿಂದು. ಕೈಯನ್ನ ನಮ್ಮ ಥರಾನೇ ಬೆರಳ ಸಂದಿಯೆಲ್ಲ ಬಿಡದೆ ತೊಳೆದರು. ಆಮೇಲೆ ಕುರ್ಚಿ ಎಳ್ಕೊಂಡು ಕೂತು ಅಜ್ಜನ ಜೊತೆ ಕರುವಿನ ರೇಟು, ಮಳೆ, ಯಾರೋ ಹಳೇ ಪರಿಚಯದವರ ಸಾವು ಎಲ್ಲ ಮಾತಾಡಿದರು. ನಂಗೆ ಮಧ್ಯಮಧ್ಯ ಅರ್ಥ ಆಗದಷ್ಟು ದಪ್ಪ ಕ್ಯಾವನ್ ಇಂಗ್ಲಿಷು. ಮಾತಾಡ್ತಾ ಆಡ್ತಾ ಅಂಗೈನ ಗುಳ್ಳೆಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಕಣ್ಣು ಮುಚ್ಚಿ ತುಟಿ ಆಡಿಸಿದರು. ಹೆಬ್ಬೆರಳಲ್ಲಿ ಗಾಳೀಲಿ ಶಿಲುಬೆ ಗುರುತು ಬರೆದರು, ಮೂರು ಸಲ. ಅಷ್ಟೇ. ಗುರುವಾರ ಬರ್ತೀನಿ, ಆಮೇಲೆ ಮತ್ತೆ ಸೋಮವಾರ, ಅಂತ ಎದ್ದರು. ಬಾಗಿಲವರೆಗೆ ಹೋದ ಮಗ ಹುಷಾರಾಗಿ ಮನೆ ಸೇರ್ಕೊಳ್ಳಿ ಅಂದನೇ ಹೊರತು ಥ್ಯಾಂಕ್ಸ್ ಅನ್ನಲಿಲ್ಲ, ಅಜ್ಜನೂ ಅನ್ನಲಿಲ್ಲ, ನಂಗೂ ಅನ್ನಬೇಡಿ ಅಂತ ಮೊದಲೇ ಹೇಳಿಟ್ಟಿದ್ದರು. ಆ ಮನುಷ್ಯ ಮೂರು ಸಲ ಮಳೇಲಿ ಗಾಡಿ ಓಡಿಸ್ಕೊಂಡು ಬಂದು ಹೋದರು, ಒಂದು ಕಪ್ ಟೀ ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ.

ಅಜ್ಜನಿಗೆ ವಾಸಿ ಆಯ್ತಾ ಅಂತ ಕೇಳ್ತೀರಿ. ಆಯ್ತು. ಶಿಂಗಲ್ಸ್ ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗೇ ಒಣಗುತ್ತೆ, ಮೇಲೆ ಮಾತ್ರೆನೂ ಹೋಗಿತ್ತು. ಕ್ಯೂರಿಂದಾನೇ ಆಯ್ತು ಅಂತ ನಾನು ಹೇಳಲ್ಲ. ಆದರೆ ಅವರು ಬಂದುಹೋದ ರಾತ್ರಿ ಅಜ್ಜ ನಿದ್ದೆ ಮಾಡಿದ್ದು ನಿಜ, ನೈಟ್ ಡ್ಯೂಟೀಲಿದ್ದವಳು ನಾನೇ.

ಮಕ್ಕಳು ಬರೆದಿಟ್ಟ ನೋಟ್‌ಬುಕ್

ಅದಾದ ಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಸಿಕ್ಕಿದ್ದು ಸಣ್ಣ ಪುಟ್ಟದ್ದಲ್ಲ, ಒಂದು ದೊಡ್ಡ ಕಣಜ. ಐರ್ಲೆಂಡ್ ಸ್ವತಂತ್ರ ಆದ ಮೇಲೆ, 1935ರಲ್ಲಿ, ಸರ್ಕಾರ ಐರಿಶ್ ಫೋಕ್‌ಲೋರ್ ಕಮಿಷನ್ ಅಂತ ಒಂದು ಮಾಡ್ತು. ಅದರ ಡೈರೆಕ್ಟರ್ ಶೇಮಸ್ ಓ ಡುಲ್ಯಾರ್ಗ, ದಾಖಲೆ ನೋಡ್ಕೋತಿದ್ದವರು ಶಾನ್ ಓ ಸೂಲವಾನ್. ಇವರು ಮಾಡಿದ ಕೆಲಸಗಳಲ್ಲಿ ನಂಗೆ ಮೈ ಜುಮ್ ಅನಿಸೋದು ಇದು: 1937ರಿಂದ 1939ರವರೆಗೆ ಇಪ್ಪತ್ತಾರು ಕೌಂಟಿಗಳ ಪ್ರೈಮರಿ ಸ್ಕೂಲ್ ಮಕ್ಕಳಿಗೆ, ಅದೂ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನವರಿಗೆ, ಮನೇಲಿ ಅಜ್ಜ ಅಜ್ಜಿ, ಪಕ್ಕದ ಮನೆಯವರ ಹತ್ರ ಕೂತು ಕೇಳಿ ಬರ್ಕೊಂಡು ಬನ್ನಿ ಅಂತ ಹೇಳಿದ್ದು. ಸುಮಾರು 50,000 ಮಕ್ಕಳು, 5,000 ಸ್ಕೂಲು. ಕಥೆ, ಗಾದೆ, ಬಾವಿ, ಕಳೆದುಹೋದ ನಿಧಿ, ಬಡತನ, ಬರಗಾಲ, ಅದರ ಜೊತೆ ಊರ ಔಷಧಿ. ಎಲ್ಲ ಸೇರಿ ಲಕ್ಷಗಟ್ಟಲೆ ಪುಟ ಇವತ್ತು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಲ್ಲಿದೆ, ಸ್ಕ್ಯಾನ್ ಮಾಡಿ ದೂಖಸ್ ಅನ್ನೋ ವೆಬ್‌ಸೈಟಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ಓದಬಹುದು. ಮಕ್ಕಳ ಕೈಬರಹ, ಕೂಡಕ್ಷರದಲ್ಲಿ ಗುಂಡಗೆ ಬರೆದಿದ್ದು, ಕೆಳಗೆ ಯಾರು ಹೇಳಿದ್ದು, ಅವರ ವಯಸ್ಸೆಷ್ಟು, ಯಾವ ಊರು. ನಾನು ರಜಾ ದಿನ ಬೆಳಿಗ್ಗೆ ಕೂತರೆ ಮಧ್ಯಾಹ್ನದ ಅಡಿಗೆ ಮರೆತು ಹೋಗುತ್ತೆ.

ಅದರಲ್ಲಿ ಏನೇನಿಲ್ಲ! ಕೆಲವು ಕೇಳಿದರೆ ನಮ್ಮಜ್ಜಿಯೂ ಹೂಂ ಅಂತಿದ್ದಳು. ಎದೆ ಕಟ್ಟಿದರೆ ಬಾತುಕೋಳಿ ಜಾತಿಯ ಗೂಸ್ ಕೊಬ್ಬು ಹಚ್ಚಿ ಉಜ್ಜೋದು, ಕೆಮ್ಮಿಗೆ ಸಮುದ್ರದ ಕಲ್ಲಿಂದ ಕಿತ್ತ ಕ್ಯಾರಗೀನ್ ಪಾಚಿಯನ್ನ ಹಾಲಲ್ಲಿ ಬೇಯಿಸಿ ಕುಡಿಯೋದು, ಗಾಯದ ರಕ್ತ ನಿಲ್ಲೋಕೆ ಜೇಡರ ಬಲೆ ಒತ್ತೋದು, ಕುರುವಿಗೆ ಬಿಸಿ ಬ್ರೆಡ್ಡಿನ ಪಟ್ಟು, ಮೇ ತಿಂಗಳಲ್ಲಿ ಮೂರು ಊಟಕ್ಕೆ ತುರಿಕೆ ಸೊಪ್ಪು ಬೇಯಿಸಿ ತಿಂದರೆ ವರ್ಷವಿಡೀ ರಕ್ತ ಶುದ್ಧ ಅನ್ನೋದು. ತುರಿಕೆ ಸೊಪ್ಪು ಮೈಗೆ ತಾಗಿದರೆ ಪಕ್ಕದಲ್ಲೇ ಬೆಳೆದಿರೋ ಡಾಕ್ ಎಲೆ ಉಜ್ಜೋದನ್ನ ಇವತ್ತಿಗೂ ಇಲ್ಲಿನ ಪ್ರತಿ ಮಗುವೂ ಮಾಡುತ್ತೆ.

ಇನ್ನು ಕೆಲವಕ್ಕೆ ಗಿಡಮೂಲಿಕೆ ಅನ್ನೋ ಲೆಕ್ಕವೇ ಇಲ್ಲ. ನರುಲಿಗೆ, ಬಸವನಹುಳುವಿನಲ್ಲಿ ಉಜ್ಜಿ ಆ ಹುಳುವನ್ನ ಬ್ಲ್ಯಾಕ್‌ಥಾರ್ನ್ ಮುಳ್ಳಿಗೆ ಚುಚ್ಚಿಡೋದು, ಅದು ಒಣಗಿದ ಹಾಗೆ ನರುಲಿಯೂ ಒಣಗುತ್ತೆ ಅಂತ. ಇಲ್ಲಾ ಬಂಡೆಯ ಗುಳಿಯಲ್ಲಿ ನಿಂತ ಮಳೆನೀರಲ್ಲಿ ತೊಳೆಯೋದು, ಆದರೆ ಆ ನೀರು ಹುಡುಕ್ಕೊಂಡು ಹೋಗಿ ಸಿಕ್ಕಿರಬಾರದು, ದಾರೀಲಿ ತಾನಾಗಿ ಕಣ್ಣಿಗೆ ಬಿದ್ದಿರಬೇಕು. ಕಣ್ಣುಕುಟಿಕೆಗೆ ನೆಲ್ಲಿ ಥರದ ಗೂಸ್‌ಬೆರಿ ಗಿಡದ ಹತ್ತು ಮುಳ್ಳು ಕಿತ್ತು, ಒಂಬತ್ತನ್ನ ಒಂದೊಂದಾಗಿ ಕುಟಿಕೆ ಕಡೆ ತೋರಿಸಿ ಹತ್ತನೇದನ್ನ ಎಸೆಯೋದು. ಮಂಗನಬಾವು ಬಂದ ಮಗುವಿನ ತಲೆಗೆ ಕತ್ತೆಯ ಲಗಾಮು ಹಾಕಿ ಹೊಳೆ ಹತ್ರ ನಡೆಸ್ಕೊಂಡು ಹೋಗೋದು. ಸುಟ್ಟ ಗಾಯಕ್ಕೆ, ಯಾರು ಹಲ್ಲಿ ಥರ ಕಾಣೋ ನ್ಯೂಟನ್ನ ಬದುಕಿರುವಾಗಲೇ ನಾಲಿಗೆಯಿಂದ ನೆಕ್ಕಿದ್ದಾರೋ ಅವರು ಬಂದು ಗಾಯ ನೆಕ್ಕಬೇಕು. ನರ್ಸಾಗಿ ನಂಗೆ ಇದನ್ನ ಓದುವಾಗ ಬೆನ್ನು ಚುಳ್ ಅನ್ನುತ್ತೆ, ತೆರೆದ ಗಾಯಕ್ಕೆ ಎಂಜಲು ತಾಗಿದರೆ ಏನಾಗುತ್ತೆ ಅಂತ ಗೊತ್ತು. ಆದರೂ ಓದೋದು ನಿಲ್ಲಿಸೋಕಾಗಲ್ಲ.

ಯಾರ ಹತ್ರ ಇರುತ್ತೆ ಅದು

ಓದ್ತಾ ಓದ್ತಾ ನನ್ನ ಗಮನ ಔಷಧಿಯಿಂದ ಔಷಧಿ ಕೊಡೋರ ಕಡೆ ಹೋಯ್ತು. ಯಾರ ಹತ್ರ ಕ್ಯೂರ್ ಇರುತ್ತೆ? ಏಳನೇ ಮಗನ ಹತ್ರ, ಅದರಲ್ಲೂ ಏಳನೇ ಮಗನ ಏಳನೇ ಮಗನ ಹತ್ರ. ಹುಟ್ಟಿದಾಗ ಅವನ ಅಂಗೈಲಿ ಎರೆಹುಳು ಇಟ್ಟು ನೋಡ್ತಿದ್ದರಂತೆ, ಹುಳು ಸತ್ತರೆ ಹುಡುಗನ ಕೈಲಿ ಶಕ್ತಿ ಇದೆ ಅಂತ. ಅಪ್ಪ ಸತ್ತ ಮೇಲೆ ಹುಟ್ಟಿದ ಮಗುವಿನ ಹತ್ರ ಇರುತ್ತೆ, ಆ ಮಗು ಖಾಲಿ ಹೊಟ್ಟೇಲಿ ಬಂದು ಉಸಿರು ಊದಿದರೆ ಎಳೆಗೂಸಿನ ಬಾಯಿಹುಣ್ಣು ಹೋಗುತ್ತೆ. ಮದುವೆಗೆ ಮುಂಚೆಯೂ ಆಮೇಲೂ ಒಂದೇ ಮನೆತನದ ಹೆಸರಿರೋ ಹೆಂಗಸಿನ ಹತ್ರ ಇರುತ್ತೆ, ನಾಯಿಕೆಮ್ಮಿನ ಮಗುವಿಗೆ ಅವಳ ಕೈಯಿಂದ ಒಂದು ತುಂಡು ಬ್ರೆಡ್ ತಂದು ತಿನ್ನಿಸಬೇಕು. ನಾಯಿಕೆಮ್ಮಿಗೇ ಇನ್ನೊಂದಿದೆ, ಬಿಳಿ ಕುದುರೆ ಮೇಲೆ ಯಾರೇ ಬರಲಿ, ಗುರುತು ಪರಿಚಯ ಬೇಕಿಲ್ಲ, ಅಡ್ಡ ನಿಂತು ಕೆಮ್ಮಿಗೇನು ಮದ್ದು ಅಂತ ಕೇಳೋದು, ಅವನ ಬಾಯಿಗೆ ಬಂದಿದ್ದನ್ನ ಮಾಡೋದು. ಕಿಯೋ ಅನ್ನೋ ಮನೆತನದವರ ಒಂದು ಹನಿ ರಕ್ತಕ್ಕೆ ಶಿಂಗಲ್ಸ್ ಹೋಗುತ್ತೆ ಅಂತ ಊರೂರಲ್ಲಿ ಹೇಳ್ತಿದ್ದರು.

ಇದರಲ್ಲಿ ಯಾವುದೂ ದುಡಿದು ಸಂಪಾದಿಸಿದ್ದಲ್ಲ, ಓದಿ ಕಲಿತಿದ್ದೂ ಅಲ್ಲ. ಹುಟ್ಟಿನಲ್ಲಿ, ಮದುವೇಲಿ, ದಾರೀಲಿ ಹೋಗುವಾಗ ಹಾಗೇ ಬಂದುಬಿಟ್ಟಿದ್ದು. ನನ್ನ ಮನಸ್ಸು ಹೆಚ್ಚು ನಿಂತಿದ್ದು ಆ ಅಪ್ಪನ್ನ ನೋಡದ ಮಗುವಿನ ಹತ್ರ. ನಮ್ಮ ಊರಲ್ಲಿ ಅಂಥ ಮಗುವನ್ನ ಅಪ್ಪನ್ನ ತಿಂದ್ಕೊಂಡು ಹುಟ್ಟಿದ್ದು ಅಂದುಬಿಡ್ತಿದ್ದರು, ನಾನೇ ಕಿವಿಯಾರೆ ಕೇಳಿದ್ದೀನಿ, ಆ ಹುಡುಗನ ಎದುರಿಗೇ ಹೇಳೋರು, ಶುಭಕಾರ್ಯಕ್ಕೆ ಹೋಗುವಾಗ ಅವನಮ್ಮ ಎದುರು ಬಂದರೆ ವಾಪಸ್ ಬಂದು ನೀರು ಕುಡಿದು ಹೊರಡೋರು. ಇಲ್ಲಿ ಅದೇ ಮಗುವಿನ ಮನೆ ಬಾಗಿಲಿಗೆ ಬೆಳಿಗ್ಗೆ ಬೆಳಿಗ್ಗೆ ಊರವರು ಕೂಸು ಎತ್ಕೊಂಡು ಬಂದು ನಿಂತಿರ್ತಾರೆ, ಸ್ವಲ್ಪ ಉಸಿರು ಕೊಡಪ್ಪಾ ಅಂತ. ಬಾಯಿಹುಣ್ಣಿಗೆ ಅದರಿಂದ ಏನೂ ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಆ ವಿಧವೆ ತಾಯಿಗೆ, ಆ ಹುಡುಗನಿಗೆ ಏನಾಯ್ತು ಅನ್ನೋದನ್ನ ಯಾವ ಲೆಕ್ಕಕ್ಕೆ ಹಾಕೋದು? ಏಳನೇ ಮಗನೂ ಅಷ್ಟೇ, ಆಲೂಗಡ್ಡೆ ಸಾಲದ ಮನೇಲಿ ಏಳನೇ ಬಾಯಿ ಅವನು. ಅವನ ಕೈಗೇ ಊರು ಒಂದು ಕೆಲಸ ಕೊಟ್ಟಿದೆ.

ಇದನ್ನ ನಂಗೆ ಅರ್ಥ ಮಾಡಿಸಿದ್ದು ನಮ್ಮ ಹೋಮಲ್ಲೇ ಇದ್ದ ಒಬ್ಬ ಅಜ್ಜಿ. ಮರೆವಿನ ಕಾಯಿಲೆ, ಬೆಳಿಗ್ಗೆ ತಿಂದಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ನನ್ನನ್ನ ದಿನಾ ಹೊಸದಾಗಿ ಯಾವೂರು ಅಂತ ಕೇಳೋರು. ಒಂದು ಮಧ್ಯಾಹ್ನ ಟಿವೀಲಿ ಕತ್ತೆ ಕಾಣಿಸ್ತು, ಪಾಮ್ ಸಂಡೇ ಮೆರವಣಿಗೆ ಇರಬೇಕು. ಅಜ್ಜಿ ಟೀ ಕಪ್ ಕೆಳಗಿಟ್ಟು, ನನ್ನ ಅದರ ಕೆಳಗೆ ತೂರಿಸಿದ್ದರು ಗೊತ್ತಾ ಅಂದರು. ನಾಲ್ಕೈದು ವಯಸ್ಸಿರಬೇಕು, ನಾಯಿಕೆಮ್ಮು, ಕೆಮ್ಮಿ ಕೆಮ್ಮಿ ಮುಖ ನೀಲಿ ಆಗ್ತಿತ್ತಂತೆ. ಕತ್ತೆ ಬೆನ್ನ ಮೇಲೆ ಶಿಲುಬೆ ಥರ ಕಪ್ಪು ಗೆರೆ ಇರುತ್ತಲ್ಲ, ಯೇಸುವನ್ನ ಹೊತ್ತ ಪ್ರಾಣಿ ಅಂತ ಇಲ್ಲಿ ಅದಕ್ಕೆ ಭಕ್ತಿ. ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಂತು ಮಗುವನ್ನ ಹೊಟ್ಟೆ ಕೆಳಗಿಂದ ದಾಟಿಸಿ ಬೆನ್ನ ಮೇಲಿಂದ ವಾಪಸ್ ತಗೊಳ್ಳೋದು, ಮೂರು ಸಲ. ಆಮೇಲೆ ಕತ್ತೆಗೆ ಬ್ರೆಡ್ ಹಾಕಿ, ಅದು ತಿಂದು ಬಿಟ್ಟ ಚೂರನ್ನ ಮಗುವಿಗೆ. ಅಜ್ಜಿ ಕೈಯಲ್ಲೇ ತೋರಿಸಿದರು, ಹೊಟ್ಟೆ ಕೂದಲು ಒದ್ದೆ ಒದ್ದೆ ಇತ್ತು, ಕೆಸರು ಅಂಟ್ಕೊಂಡು ಗಂಟುಗಂಟಾಗಿ ನನ್ನ ಕೆನ್ನೆಗೆ ತಾಗ್ತಿತ್ತು, ಬಿಸಿ ಇತ್ತು, ಅಂತ. ಆ ಕೆನ್ನೆ ಮುಟ್ಕೊಂಡು ಹೇಳಿದ್ದು ನನ್ನ ಕಣ್ಣಲ್ಲಿದೆ.

ಕತ್ತೆ ಯಾರದ್ದು ಅಂತ ಕೇಳಿದೆ. ಓಣಿ ಕೊನೇಲಿ ಒಬ್ಬಂಟಿ ಹೆಂಗಸು, ಪೀಟ್ ಮಣ್ಣಿನ ಉರುವಲು ಹೊತ್ತು ಮಾರೋಳು, ನಮ್ಮಮ್ಮ ಅವಳ ಮನೆ ಹೊಸ್ತಿಲು ಮೆಟ್ಟಿದ್ದು ನಾನು ನೋಡಿದ ಹಾಗೆ ಅವತ್ತೊಂದೇ ದಿನ, ಅಂದರು. ಸ್ವಲ್ಪ ಹೊತ್ತು ಬಿಟ್ಟು, ಚರ್ಚಲ್ಲಿ ಅವಳು ಕೂರ್ತಿದ್ದದ್ದು ಬಾಗಿಲ ಹಿಂದೆ, ಆದರೆ ಆಮೇಲೆ ನಮ್ಮಮ್ಮ ಅವಳಿಗೆ ತಲೆ ಬಾಗಿಸ್ತಿದ್ದಳು, ಅಂತಲೂ ಅಂದರು. ನಾಯಿಕೆಮ್ಮು ವಾರಗಟ್ಟಲೆ ಎಳೆಯುತ್ತೆ, ಬದುಕೋ ಮಗು ಬದುಕುತ್ತೆ, ಎಷ್ಟೋ ಮಕ್ಕಳು ಹೋಗಿಬಿಡ್ತಿದ್ದವು, ಅದನ್ನ ತಡೆದಿದ್ದು ಕತ್ತೆ ಅಲ್ಲ, ಲಸಿಕೆ. ಅದರಲ್ಲಿ ನಂಗೆ ಎರಡು ಮಾತಿಲ್ಲ.

ಈಗ ಥ್ಯಾಂಕ್ಸಿನ ವಿಷಯ. ಆ ಕಾಲದಲ್ಲಿ ಡಾಕ್ಟರ್ ಅಂದ್ರೆ ದುಡ್ಡು. 1851ರ ಕಾನೂನಿಂದ ಊರೂರಿಗೆ ಡಿಸ್ಪೆನ್ಸರಿ ಬಂದಿತ್ತು ನಿಜ, ಬಡವರಿಗೆ ಫ್ರೀ. ಆದರೆ ಅದಕ್ಕೆ ಟಿಕೆಟ್ ಬೇಕು, ಡಾಕ್ಟರ್ ಮನೆಗೇ ಬರಬೇಕು ಅಂದ್ರೆ ಕೆಂಪು ಟಿಕೆಟ್. ಟಿಕೆಟ್ ಕೊಡೋನು ಊರ ದೊಡ್ಡ ಮನುಷ್ಯ, ಅವನ ಮುಂದೆ ನಿಂತು ನಾನು ಬಡವ ಅಂತ ಹೇಳ್ಕೋಬೇಕು. ಔಷಧಿಗೆ ದುಡ್ಡಿಲ್ಲ, ಆದರೆ ಋಣ ಮಾತ್ರ ತಲೆ ಮೇಲೆ. ಕ್ಯೂರ್ ಇದಕ್ಕೆ ತದ್ವಿರುದ್ಧ. ಅಲ್ಲಿ ಥ್ಯಾಂಕ್ಸ್ ಹೇಳಬಾರದು ಅನ್ನೋದರಲ್ಲಿ ನಂಗೆ ಕಾಣೋದು ಏನಂದ್ರೆ, ಕೊಡೋನಿಗೆ ಇದು ನನ್ನದು ಅನ್ನೋ ಹಕ್ಕಿಲ್ಲ, ತಗೊಳ್ಳೋನಿಗೆ ಹಂಗಿಲ್ಲ. ಇವತ್ತು ಅವನ ಕೈ, ನಾಳೆ ನಿನ್ನ ಮನೇಲಿ ಏಳನೇ ಮಗ ಹುಟ್ಟಿದರೆ ನಿನ್ನ ಮನೆ ಕೈ. ಗುಟ್ಟಲ್ಲಿ ಮೊಟ್ಟೆ, ಸಕ್ಕರೆ, ಟೀಪುಡಿ ತಂದಿಟ್ಟು ಹೋಗೋರು ಇದ್ದರು, ಅದನ್ನ ಯಾರೂ ಫೀಸ್ ಅನ್ನಲ್ಲ. ನಮ್ಮ ಮಲೆನಾಡಲ್ಲೂ ಕಾಮಾಲೆಗೆ ಸೊಪ್ಪು ಅರೆದು ಕೊಡೋ ಮನೆಗಳಲ್ಲಿ ದುಡ್ಡು ಮುಟ್ಟಲ್ಲ, ದೇವರ ಮುಂದೆ ಒಂದು ತೆಂಗಿನಕಾಯಿ ಇಟ್ಟು ಬರ್ತೀವಲ್ಲ. ಅದೇ ಮನೆಯವರು ಬೇರೆ ದಿನ ನಮ್ಮ ತೋಟಕ್ಕೆ ಕೂಲಿಗೆ ಬರೋರು, ಕಾಮಾಲೆ ಬಂದ ದಿನ ನಮ್ಮಪ್ಪ ಅವರ ಜಗಲಿ ಕೆಳಗೆ ಕೈಕಟ್ಟಿ ನಿಂತಿದ್ದ. ಇದನ್ನ ನಾನು ಐರ್ಲೆಂಡಿಗೆ ಬಂದ ಮೇಲೇ ಯೋಚನೆ ಮಾಡಿದ್ದು.

ಕ್ಲೇರ್ ಕೌಂಟಿಯ ಬಿಡ್ಡಿ ಅರ್ಲಿ ಕಥೆನೂ ಇಲ್ಲೇ ಬರುತ್ತೆ. 19ನೇ ಶತಮಾನದ ಹೆಂಗಸು, ಫೀಕಲ್ ಹತ್ರ ಇದ್ದಳು, ಗುಡಿಸಲಲ್ಲಿ ಹುಟ್ಟಿದ ಬಡವಿ. ಒಂದು ನೀಲಿ ಬಾಟ್ಲಿ ನೋಡಿ ಮದ್ದು ಹೇಳ್ತಿದ್ದಳು ಅಂತ ಪ್ರತೀತಿ. ದುಡ್ಡು ಮುಟ್ಟಲ್ಲ, ತಿನ್ನೋದು ಕುಡಿಯೋದು ತಂದುಕೊಟ್ಟರೆ ತಗೊಳ್ಳೋಳು. ಪಾದ್ರಿಗಳು ಅವಳ ಮನೆಗೆ ಹೋಗಬೇಡಿ ಅಂತ ಚರ್ಚಲ್ಲಿ ಕೂಗಿ ಹೇಳಿದರೂ ಜನ ಹೋಗೋದು ಬಿಡಲಿಲ್ಲ. 1865ರಲ್ಲಿ ಮಾಟಗಾತಿ ಅಂತ ಎನ್ನಿಸ್ ಕೋರ್ಟಿಗೆ ಎಳೆದರು, ಕೇಸ್ ನಿಲ್ಲಲಿಲ್ಲ, ಸಾಕ್ಷಿ ಸಾಲಲಿಲ್ಲ. ಅವಳು ತೀರಿಕೊಂಡ ಮೇಲೆ ಲೇಡಿ ಗ್ರೆಗರಿ ಅನ್ನೋ ಐರಿಶ್ ಲೇಖಕಿ ಆ ಕಡೆ ಓಡಾಡಿ ಅವಳ ಬಗ್ಗೆ ಜನ ಹೇಳೋದನ್ನೆಲ್ಲ ಬರ್ಕೊಂಡಿದ್ದಕ್ಕೆ ನಮಗೆ ಇಷ್ಟಾದರೂ ಗೊತ್ತು.

ಬ್ರಿಜೆಟ್ ಕ್ಲಿಯರಿ

ಇಷ್ಟೆಲ್ಲ ಒಳ್ಳೇದು ಹೇಳಿ ಇವಳ ಹೆಸರು ಎತ್ತದೇ ಹೋದರೆ ಅದು ತಪ್ಪಾಗುತ್ತೆ. ಟಿಪ್ಪರರಿ ಕೌಂಟಿಯ ಬ್ಯಾಲಿವಾಡ್ಲಿ ಅನ್ನೋ ಊರು, 1895ರ ಮಾರ್ಚ್. ಬ್ರಿಜೆಟ್ ಕ್ಲಿಯರಿ, ಬಟ್ಟೆ ಹೊಲೀತಿದ್ದಳು, ಕೋಳಿ ಸಾಕಿ ಮೊಟ್ಟೆ ಮಾರ್ತಿದ್ದಳು, ಸ್ವಂತ ದುಡಿಮೆ ಇದ್ದ ಹೆಂಗಸು, ಇನ್ನೂ ಮೂವತ್ತಾಗಿರಲಿಲ್ಲ. ಚಳಿ ಹಿಡಿದು ಜ್ವರ ಬಂದು ಮಲಗಿದಳು. ಡಾಕ್ಟರಿಗೆ ಹೇಳಿ ಕಳಿಸಿದರೂ ಅವರು ಬರೋಕೆ ದಿನಗಟ್ಟಲೆ ಆಯ್ತು. ಅಷ್ಟರಲ್ಲಿ ಗಂಡ ಮೈಕಲ್ ಕ್ಲಿಯರಿ ತಲೇಲಿ ಇವಳು ನನ್ನ ಹೆಂಡತಿ ಅಲ್ಲ, ಅವಳನ್ನ ಫೇರಿಗಳು, ಅಂದ್ರೆ ಕಥೆಗಳಲ್ಲಿ ಬರೋ ಮಾಯಾವಿ ಜನ, ಎತ್ಕೊಂಡು ಹೋಗಿ ಇವಳನ್ನ ಬಿಟ್ಟಿದ್ದಾರೆ ಅನ್ನೋದು ಕೂತುಬಿಡ್ತು. ಗಿಡಮೂಲಿಕೆಯವನಿಂದ ತಂದ ಸೊಪ್ಪನ್ನ ಹಾಲಲ್ಲಿ ಕುದಿಸಿ, ನೆಂಟರು ಕೈಕಾಲು ಹಿಡಿದುಕೊಂಡು, ಬಾಯಿಗೆ ತುರುಕಿದರು. ನೀನು ಬ್ರಿಜೆಟ್ಟೇನಾ ಹೇಳು ಅಂತ ಮತ್ತೆ ಮತ್ತೆ ಕೇಳಿದರು. ಮಾರ್ಚ್ 15ರ ರಾತ್ರಿ ಗಂಡ ಅವಳನ್ನ ಮನೆಯೊಳಗೇ ಸುಟ್ಟ. ಒಂದು ವಾರದ ಮೇಲೆ ಪೊಲೀಸರಿಗೆ ಹತ್ತಿರದಲ್ಲೇ ಹೂತಿದ್ದ ಶವ ಸಿಕ್ತು. ಅವನು ಹದಿನೈದು ವರ್ಷ ಜೈಲಲ್ಲಿದ್ದು ಹೊರಗೆ ಬಂದ.

ನಂಗೆ ಆ ಮನೆಯೊಳಗೆ ಕಾಣೋದು ಸೊಪ್ಪಿಗಿಂತ ಹೆಚ್ಚಾಗಿ ಆ ಹಿಡಿದ ಕೈಗಳು. ಅವಳ ಅಪ್ಪ, ಸೋದರತ್ತೆ, ಕಸಿನ್ನುಗಳು ಅಲ್ಲೇ ಇದ್ದರು. ಕ್ಯೂರ್ ಅಂದ್ರೆ ಕಾಯಿಲೆಯವರೇ ಕೇಳ್ಕೊಂಡು ಬರೋದು, ಕೊಡೋನು ಇನ್ನೊಬ್ಬರ ಸಂಕಟಕ್ಕೆ ಎದ್ದು ಬರೋದು. ಇಲ್ಲಿ ಅವಳು ಬೇಡ ಬೇಡ ಅಂತಿದ್ದಳು. ಕುಡಿಸಿದ್ದು ಯಾವ ಸೊಪ್ಪೇ ಆಗಿರಲಿ, ಬೇಡ ಅಂದವಳ ಬಾಯಿಗೆ ತುರುಕಿದ ಮೇಲೆ ಅದು ಮದ್ದಲ್ಲ. ನಮ್ಮ ಕಡೆ ದೆವ್ವ ಬಿಡಿಸ್ತೀನಿ ಅಂತ ಹೆಣ್ಣುಮಕ್ಕಳಿಗೆ ಬೇವಿನ ಬರಲಲ್ಲಿ ಹೊಡೆಯೋದನ್ನ ನೋಡಿ ಬೆಳೆದ ನಂಗೆ ಇದು ದೂರದ ದೇಶದ ಕಥೆ ಅನಿಸಲ್ಲ. ಗಿಡಮೂಲಿಕೆ ಅಂದ್ರೆ ಸೈಡ್ ಎಫೆಕ್ಟ್ ಇಲ್ಲ ಅನ್ನೋರಿಗೂ ಒಂದು ಮಾತು. ಇಲ್ಲಿ ಬೇಲಿ ಸಾಲಲ್ಲಿ ನೇರಳೆ ಗಂಟೆ ಥರ ಹೂ ಬಿಡೋ ಫಾಕ್ಸ್‌ಗ್ಲೋವ್ ಇದೆ, ಐರಿಶಲ್ಲಿ ಲುಸ್ ಮೋರ್. ಫೇರಿ ಬದಲಾಯಿಸಿದ ಮಗು ಅಂತ ಅನುಮಾನ ಬಂದರೆ ಇದರ ರಸ ಕೊಡ್ತಿದ್ದರು. ಅದರಲ್ಲಿರೋದು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ವಿಷ. ಅದೇ ಗಿಡವನ್ನ ಇಂಗ್ಲೆಂಡಲ್ಲಿ ವಿಲಿಯಂ ವಿದರಿಂಗ್ ಅನ್ನೋ ಡಾಕ್ಟರ್ ವರ್ಷಗಟ್ಟಲೆ ಅಳೆದು ತೂಗಿ ನೋಡಿ, 1785ರಲ್ಲಿ ಎಷ್ಟು ಕೊಡಬೇಕು ಅಂತ ಬರೆದ. ಆ ಜಾತಿಯ ಗಿಡದಿಂದ ಬಂದ ಡಿಗಾಕ್ಸಿನ್ ಮಾತ್ರೆ ಇವತ್ತೂ ನಮ್ಮ ಟ್ರಾಲೀಲಿದೆ, ಕೊಡೋ ಮುಂಚೆ ನಾಡಿ ಎಣಿಸ್ತೀವಿ, ಅರವತ್ತಕ್ಕಿಂತ ಕಮ್ಮಿ ಇದ್ದರೆ ಕೊಡದೆ ಡಾಕ್ಟರಿಗೆ ಹೇಳ್ತೀವಿ.

ಬೋ ಊರಿನ ಮಣ್ಣು

ಕ್ಯಾವನ್ ಪಕ್ಕದ ಕೌಂಟಿ ಫರ್ಮಾನಾ, ಗಡಿ ಆಚೆ, ಉತ್ತರ ಐರ್ಲೆಂಡಿಗೆ ಸೇರಿದ್ದು. ಅಲ್ಲಿ ಬೋಹೋ ಅಂತ ಬರೆದು ಬೋ ಅಂತ ಕರೆಯೋ ಒಂದು ಊರಿದೆ. 1815ರಲ್ಲಿ ತೀರಿಕೊಂಡ ಫಾದರ್ ಜೇಮ್ಸ್ ಮೆಕ್‌ಗರ್ ಅನ್ನೋ ಪಾದ್ರಿ, ನಾನು ಬದುಕಿದ್ದಾಗ ಏನೇನು ವಾಸಿ ಮಾಡ್ತಿದ್ದೆನೋ ಅದನ್ನ ನಾನು ಹೋದ ಮೇಲೆ ನನ್ನ ಮೇಲಿನ ಮಣ್ಣು ಮಾಡುತ್ತೆ ಅಂತ ಹೇಳಿ ಹೋದರಂತೆ. ಜನ ಇವತ್ತಿಗೂ ಅವರ ಸಮಾಧಿಯಿಂದ ಒಂದು ಚಮಚದಷ್ಟು ಮಣ್ಣು ತಗೊಂಡು, ಬಟ್ಟೇಲಿ ಕಟ್ಟಿ, ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾರೆ. ಕೆಲಸ ಮುಗಿದ ಮೇಲೆ ಆ ಮಣ್ಣನ್ನ ನಾಲ್ಕು ದಿನದೊಳಗೆ ವಾಪಸ್ ಅಲ್ಲೇ ಹಾಕಬೇಕು, ಇಟ್ಕೊಂಡರೆ ಒಳ್ಳೇದಾಗಲ್ಲ. ನೋಡಿ, ಇಲ್ಲೂ ಅದೇ, ಮಣ್ಣೂ ಸ್ವಂತಕ್ಕೆ ಇಟ್ಟುಕೊಳ್ಳೋ ಹಾಗಿಲ್ಲ.

2018ರಲ್ಲಿ ವೇಲ್ಸಿನ ಸ್ವಾನ್‌ಸೀ ಯೂನಿವರ್ಸಿಟಿಯವರಿದ್ದ ಒಂದು ತಂಡ ಈ ಮಣ್ಣಿಂದ ಸ್ಟ್ರೆಪ್ಟೋಮೈಸಿಸ್ ಜಾತಿಯ ಹೊಸ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತ ಪ್ರಕಟಿಸ್ತು. ತಂಡದಲ್ಲಿ ಆ ಊರಲ್ಲಿ ಇದ್ದು ಬಂದವರೇ ಒಬ್ಬರಿದ್ದರು, ಮಣ್ಣಿನ ಕಥೆ ಅವರಿಗೆ ಮೊದಲೇ ಗೊತ್ತಿತ್ತು. ಲ್ಯಾಬಲ್ಲಿ ಅದು ಎಂಆರ್‌ಎಸ್‌ಎ ಸೇರಿದ ಹಾಗೆ ಮಾಮೂಲಿ ಆಂಟಿಬಯೋಟಿಕ್ಕಿಗೆ ಬಗ್ಗದ ಕೆಲವು ರೋಗಾಣುಗಳ ಬೆಳವಣಿಗೆ ತಡೆಯಿತು. ಎಂಆರ್‌ಎಸ್‌ಎ ಅಂದ್ರೆ ಏನು ಅಂತ ವಾರ್ಡಲ್ಲಿ ಕೆಲಸ ಮಾಡಿದವರನ್ನ ಕೇಳಿ. ಒಬ್ಬರಿಗೆ ಬಂದರೆ ಬೇರೆ ರೂಮು, ಏಪ್ರನ್ನು, ಗ್ಲೌಸು, ಮನೆಯವರ ಕಣ್ಣೀರು. ಸುದ್ದಿ ಬಂದ ಕೂಡಲೇ ನೋಡಿದ್ರಾ ಹಿರಿಯರು ಹೇಳಿದ್ದು ನಿಜ ಅಂತ ಹಂಚಿಕೊಂಡವರು ಬಹಳ ಜನ. ಲ್ಯಾಬಿನ ತಟ್ಟೇಲಿ ರೋಗಾಣು ಬೆಳೆಯದಿರೋದೇ ಬೇರೆ, ದಿಂಬಿನ ಕೆಳಗಿನ ಮಣ್ಣಿಂದ ಮನುಷ್ಯನ ಸೋಂಕು ಹೋಗೋದೇ ಬೇರೆ, ಆ ದಾರಿ ಬಹಳ ಉದ್ದ. ಅದೇ ಸಮಯಕ್ಕೆ ಮಣ್ಣಿಂದ ಮದ್ದು ಅಂದ ತಕ್ಷಣ ಮೂಗು ಮುರಿಯೋರಿಗೂ ಹೇಳೋದಿದೆ, 1943ರಲ್ಲಿ ಅಮೆರಿಕದ ರಟ್‌ಗರ್ಸಲ್ಲಿ ಇದೇ ಸ್ಟ್ರೆಪ್ಟೋಮೈಸಿಸ್ ಜಾತಿಯಿಂದಲೇ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು, ಟಿಬಿಗೆ ಮೊದಲ ಸರಿಯಾದ ಆಂಟಿಬಯೋಟಿಕ್. ಐರ್ಲೆಂಡಲ್ಲಿ ಟಿಬಿ ಮನೆಮನೆ ಖಾಲಿ ಮಾಡಿದ ಕಾಯಿಲೆ. 1948ರಲ್ಲಿ ಆರೋಗ್ಯ ಮಂತ್ರಿ ಆದ ನೋಯೆಲ್ ಬ್ರೌನ್ ಅಪ್ಪ ಅಮ್ಮನ್ನ ಅದಕ್ಕೇ ಕಳ್ಕೊಂಡವರು, ತಾವೂ ಅದರಿಂದ ನರಳಿದವರು, ಸ್ಯಾನಿಟೋರಿಯಂ ಅನ್ನೋ ಟಿಬಿ ಆಸ್ಪತ್ರೆಗಳನ್ನ ಕಟ್ಟಿಸೋಕೆ ಬೆನ್ನು ಬಿದ್ದರು. ನಮ್ಮ ಹೋಮಲ್ಲಿರೋ ಎಷ್ಟೋ ಅಜ್ಜ ಅಜ್ಜಿಯರ ಎದೆ ಎಕ್ಸ್‌ರೇಲಿ ಆ ಕಾಲದ ಹಳೇ ಕಲೆ ಈಗಲೂ ಕಾಣುತ್ತೆ. ಆ ಮನೆಗಳವರು ಕ್ಯೂರ್ ಹುಡುಕ್ಕೊಂಡು ಊರೂರು ಅಲೆದಿದ್ದನ್ನ ನಾನು ಮೂಢನಂಬಿಕೆ ಅಂತ ಒಂದು ಪದದಲ್ಲಿ ಮುಗಿಸೋಕೆ ತಯಾರಿಲ್ಲ, ಕೈಯಲ್ಲಿ ಬೇರೆ ಏನೂ ಇಲ್ಲದಾಗ ಅವರು ಮಕ್ಕಳನ್ನ ಎತ್ಕೊಂಡು ನಡೆದರು.

ಈಗ ಯಾರ ಕೈಗೆ

ಕ್ಯೂರ್ ದಾಟಿಸೋಕೂ ಕ್ರಮ ಇದೆ. ಎಷ್ಟೋ ಮನೆಗಳಲ್ಲಿ ಗಂಡಸಿಂದ ಹೆಂಗಸಿಗೆ, ಹೆಂಗಸಿಂದ ಗಂಡಸಿಗೆ ಹೋಗಬೇಕು. ಪ್ರಾರ್ಥನೆಯ ಮಾತು ಹೊರಗೆ ಹೇಳೋ ಹಾಗಿಲ್ಲ. ಆ ರೈತರ ಮಕ್ಕಳು ಒಬ್ಬ ಸಿಡ್ನೀಲಿ, ಒಬ್ಬ ಟೊರಾಂಟೋಲಿ, ಇಬ್ಬರಿಗೂ ಬೇಡ. ಕೊನೆಗೆ ತಗೊಂಡಿದ್ದು ತಮ್ಮನ ಮಗಳು, ಹತ್ತಿರದ ಟೌನಲ್ಲಿ ಸ್ಕೂಲ್ ಟೀಚರ್. ಅವಳು ನಂಗೆ ಸಿಕ್ಕಿದ್ದು ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲಿ, ದೊಡ್ಡಪ್ಪ ನಿಮ್ಮ ಹೋಮಿಗೆ ಬಂದಿದ್ದರಲ್ಲ ಅಂತ ತಾನೇ ಮಾತಾಡಿಸ್ಕೊಂಡು ಬಂದಳು. ಸೋಮವಾರ ಗುರುವಾರ ಸಂಜೆ ಬೇರೆ ಏನೂ ಇಟ್ಕೊಳ್ಳಲ್ವಂತೆ. ಬೇಡ ಅನ್ನೋಕೆ ಆಗಲಿಲ್ಲವಾ ಅಂತ ಕೇಳಿದೆ. ಬೇಡ ಅನ್ನಬಹುದಿತ್ತು, ಆದರೆ ನಾನು ಚಿಕ್ಕವಳಿದ್ದಾಗ ಊಟದ ಮಧ್ಯೆ ಬಾಗಿಲು ತಟ್ಟಿದರೂ ದೊಡ್ಡಪ್ಪ ಎದ್ದು ಹೋಗ್ತಿದ್ದರು, ತಟ್ಟೆ ಹಾಗೇ ಇರ್ತಿತ್ತು, ಈಗ ಜನ ಬಂದು ಬಾಗಿಲು ತಟ್ಟಿದರೆ ಯಾರೂ ಇಲ್ಲ ಅಂತ ಹೇಗೆ ಹೇಳೋದು, ಅಂದಳು.

ಈಗ ಜಾಸ್ತಿ ಜನ ಫೋನಲ್ಲೇ ಕೇಳ್ತಾರಂತೆ, ಡಬ್ಲಿನ್ನಿಂದ, ಲಂಡನ್ನಿಂದ, ಹೆಸರು ಹೇಳಿ ಪ್ರಾರ್ಥನೆ ಮಾಡಿ ಅಂತ. ಮಾಡ್ತಾಳೆ. ಆದರೆ ಅದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳ್ತಾಳಂತೆ, ಇದು ದೊಡ್ಡಪ್ಪನ ಕಾಲದಲ್ಲಿ ಇರಲಿಲ್ಲ, ಇವಳು ಸೇರಿಸಿದ್ದು. ಗುಳ್ಳೆ ಎದ್ದು ಎಷ್ಟು ದಿನ ಆಯ್ತು, ಡಾಕ್ಟರಿಗೆ ತೋರಿಸಿದ್ದೀರಾ? ಕಣ್ಣಿನ ಹತ್ರ, ಮೂಗಿನ ತುದೀಲಿ ಏನಾದರೂ ಎದ್ದಿದೆಯಾ? ಎದ್ದಿದ್ದರೆ ಇವತ್ತೇ, ಈಗಲೇ ಆಸ್ಪತ್ರೆಗೆ ಹೋಗಿ, ಕಣ್ಣು ಹೋಗಬಹುದು, ನನ್ನದು ಸೋಮವಾರಕ್ಕೆ ನೋಡೋಣ ಅಂತಾಳೆ. ಈ ಮೂಗಿನ ತುದಿ ವಿಷಯ ಎಲ್ಲಿ ಕಲಿತೆ ಅಂತ ಕೇಳಿದೆ, ಅದು ನಮಗೆ ನರ್ಸಿಂಗಲ್ಲಿ ಹೇಳಿಕೊಡೋದು. ತನ್ನ ಜಿಪಿ, ಅಂದ್ರೆ ಮಾಮೂಲಿ ತೋರಿಸೋ ಡಾಕ್ಟರ್ ಹತ್ರ ಹೋಗಿ, ನನ್ನ ಹತ್ರ ಇಂಥ ಕ್ಯೂರ್ ಇದೆ, ಜನ ಮೊದಲು ನನಗೇ ಫೋನ್ ಮಾಡ್ತಾರೆ, ನಾನು ಏನೇನು ಕೇಳಬೇಕು ಹೇಳಿ ಅಂತ ಕೂತು ಬರೆಸ್ಕೊಂಡು ಬಂದಿದ್ದಳು. ಆ ಚೀಟಿ ಅವಳ ಫೋನಿನ ಕವರ್ ಒಳಗೇ ಇದೆ, ತೆಗೆದು ತೋರಿಸಿದಳು.